ಚಪ್ಪಾಳೆ ಕದ್ದ ಗೊರವಂಕ

ಮಕ್ಕಳೇ, ಎಲ್ಲರೂ ಹತ್ತಿರ ಬಂದು ಕೂತ್ಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕತೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ನಡುವೆ ನನ್ನ ದನಿ ಏರಿದರೆ ನಿಮ್ಮನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಬೈಯುವುದು ಬೇರೆಯವರನ್ನು.

ಕಾಡಿನಲ್ಲಿ ಒಂದು ದೊಡ್ಡ ಹಳ್ಳ ಹರಿಯುತ್ತಿತ್ತು. ಹಳ್ಳದ ಒಂದು ಕಡೆ ಪ್ರಾಣಿಗಳ ಮನೆಗಳು. ಇನ್ನೊಂದು ಕಡೆ, ಸ್ವಲ್ಪ ಏರಿನ ಮೇಲೆ, ಹೊಂಗೆ ಮರದ ಕೆಳಗೆ ಮರಿಗಳ ಶಾಲೆ. ಕಡವೆಯೊಂದು ಅಲ್ಲಿ ಮೇಷ್ಟ್ರು. ದೊಡ್ಡ ಕೊಂಬು, ಒಳ್ಳೆಯ ಮನಸ್ಸು. ಆದರೆ ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರಿಗೇ ಎಲ್ಲ ಗೊತ್ತು ಎಂದು ನಂಬುವ ಸ್ವಭಾವ. ಅದೊಂದು ಬಿಟ್ಟರೆ ಮೇಷ್ಟ್ರ ಮೇಲೆ ನನ್ನ ದೂರಿಲ್ಲ. ಅದೊಂದೇ ಸಾಲದೇ!

ಹಳ್ಳ ದಾಟಲು ಎರಡು ಮರದ ದಿಮ್ಮಿಗಳು ಅಕ್ಕಪಕ್ಕ ಬಿದ್ದಿದ್ದವು. ಒಂದು ಕರಿದಿಮ್ಮಿ. ಪಾಚಿ ಹಿಡಿದು, ತೊಗಟೆ ಸುಲಿದು ನೋಡಲಿಕ್ಕೆ ಅಸಹ್ಯ. ಇನ್ನೊಂದು ಬಿಳಿದಿಮ್ಮಿ. ನುಣ್ಣಗೆ, ಚೆಂದಕ್ಕಿತ್ತು. ಬೆಳಿಗ್ಗೆ ಮರಿಗಳು ಒಬ್ಬೊಬ್ಬರಾಗಿ ಕಾಲಿಗೆ ಸಿಕ್ಕ ದಿಮ್ಮಿಯ ಮೇಲೆ ಓಡಿ ಶಾಲೆಗೆ ಬರುತ್ತಿದ್ದರು. ಮನೆಗೆ ಹೋಗುವಾಗ ಮಾತ್ರ ಸಾಲು. ಗಿಡ್ಡ ಇರುವವರು ಮುಂದೆ, ಎತ್ತರದವರು ಹಿಂದೆ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಒಂದೇ ದಿಮ್ಮಿಯ ಮೇಲೆ ಇಡೀ ತರಗತಿ ದಾಟಬೇಕು.

ಸೋಮವಾರದಿಂದ ಶುಕ್ರವಾರದವರೆಗೆ ಪಾಠ, ಆಟ, ಅಂಗಳ ಗುಡಿಸುವ ಸರದಿ, ತಂದ ಹಣ್ಣು ಹಂಚಿಕೊಂಡು ತಿನ್ನುವುದು. ಶನಿವಾರ ಬೆಳಗಿನ ಶಾಲೆ. ಅವತ್ತು ಪಾಠ ಇಲ್ಲ. ಪ್ರತಿಯೊಬ್ಬ ಮರಿಯೂ ಎದ್ದು ನಿಂತು, ಆ ವಾರ ತಾನಾಗಿ ಕಲಿತ ಒಂದು ಹೊಸ ವಿಷಯ ಹೇಳಬೇಕು. ಯಾರದು ಎಲ್ಲಕ್ಕಿಂತ ಉಪಯೋಗದ್ದೋ ಅವರಿಗೆ ಜೋರು ಚಪ್ಪಾಳೆ. ಮನೆಗೆ ಹೋಗುವ ಸಾಲಿಗೆ ಅವತ್ತು ಅವರೇ ಲೀಡರ್. ಯಾವ ದಿಮ್ಮಿ ಎಂದು ಅವರು ಹೇಳಿದರೆ ಅದೇ ದಿಮ್ಮಿ.

ಆ ತರಗತಿಯಲ್ಲಿ ನಿಂಗಿ ಎಂಬ ಚಿಪ್ಪುಹಂದಿಯ ಮರಿ ಇತ್ತು. ಮೈತುಂಬ ಚಿಪ್ಪು, ಉದ್ದ ಉಗುರು, ಬಾಯಲ್ಲಿ ಮಾತೇ ಇಲ್ಲ. ನಾಲ್ಕು ಜನ ತಿರುಗಿ ನೋಡಿದರೆ ಸಾಕು, ಮೈ ಸುರುಟಿಕೊಂಡು ಉಂಡೆಯಾಗಿಬಿಡುತ್ತಿದ್ದಳು. "ಏ ಚೆಂಡು ಬಂತು, ಚೆಂಡು ಬಂತು!" ಎಂದು ಉಳಿದವರು ಆಡಿಕೊಳ್ಳುತ್ತಿದ್ದರು.

ಮೂರು ಶನಿವಾರ ಅವಳು ಏನೂ ಹೇಳದೆ ಉಂಡೆಯಾಗಿಯೇ ಕಳೆದಿದ್ದಳು. ಈ ವಾರ ಹಾಗಾಗಬಾರದು ಎಂದು ಹಟ ತೊಟ್ಟಳು. ಸೋಮವಾರ ದಿಮ್ಮಿ ದಾಟುವಾಗ ಒಳಗೆ ಕರಕರ ಎಂದು ಸಣ್ಣ ಸದ್ದು ಕೇಳಿಸಿತು. ಗೆದ್ದಲು! ಚಿಪ್ಪುಹಂದಿಗೆ ಗೆದ್ದಲಿನ ಸದ್ದು ತಪ್ಪುತ್ತದೆಯೇ? ಅದು ಅವಳ ಊಟ ತಾನೆ? ಯಾವ ದಿಮ್ಮಿಗೆ ಎಷ್ಟು ಹುಳ ಹಿಡಿದಿದೆ ಎಂದು ಪತ್ತೆ ಮಾಡಲು ನಿಂಗಿ ದಿನಾ ಶಾಲೆ ಬಿಟ್ಟ ಮೇಲೆ ದಡದಲ್ಲೇ ಉಳಿದಳು. ಉಗುರಿನಿಂದ ತಟ್ಟುವುದು, ಕಿವಿ ಇಟ್ಟು ಕೇಳುವುದು. ಗಟ್ಟಿ ಮರವಾದರೆ ಟಣ್. ಟೊಳ್ಳಾಗಿದ್ದರೆ ಬೊದ್.

ಬುಧವಾರದ ಹೊತ್ತಿಗೆ ಕರಿದಿಮ್ಮಿಯ ಅಂಚು ಬೊದ್ ಎಂದಿತು, ಬಿಳಿದಿಮ್ಮಿಯ ಅಂಚು ಟಣ್ ಎಂದಿತು. "ಹಾಗಾದರೆ ಕರಿದಿಮ್ಮಿ ಕೆಟ್ಟಿದೆ, ಬಿಳಿದಿಮ್ಮಿ ಒಳ್ಳೆಯದು," ಎಂದು ನಿಂಗಿ ತನಗೆ ತಾನೇ ಹೇಳಿಕೊಂಡಳು. ಶನಿವಾರ ತಡವರಿಸಬಾರದಲ್ಲ, ಅದಕ್ಕೆ ಟಣ್-ಬೊದ್ ಲೆಕ್ಕದ ಸಮೇತ ಅದನ್ನೇ ಹತ್ತು ಸಲ ಬಾಯಿಪಾಠ ಮಾಡಿದಳು.

ಮೇಲೆ ಕೊಂಬೆಯಲ್ಲಿ ವಾಣಿ ಕೂತಿದ್ದಳು. ವಾಣಿ ಎಂದರೆ ಗೊರವಂಕ ಹಕ್ಕಿ, ಅದೇ ತರಗತಿಯವಳು. ಯಾರ ದನಿ ಬೇಕಾದರೂ ಹಾಗ್ಹಾಗೇ ಅನುಕರಿಸುತ್ತಿದ್ದಳು. ಈ ವಾರ ಅವಳು ಕಲಿತದ್ದು ಸೊನ್ನೆ. ನಿಂಗಿಯ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕಣ್ಣು ಅರಳಿತು. ಹತ್ತೂ ಸಲ ಕೇಳಿಸಿಕೊಂಡು ಸದ್ದಿಲ್ಲದೆ ಹಾರಿಹೋದಳು.

ನಿಂಗಿ ಮಾತ್ರ ಅಲ್ಲಿಗೇ ಬಿಡಲಿಲ್ಲ. ಗುರುವಾರ ಮತ್ತೆ ತಟ್ಟಿದಳು. ಶುಕ್ರವಾರ ದಿಮ್ಮಿಗಳ ನಟ್ಟನಡುವಿನವರೆಗೂ ತೆವಳಿಕೊಂಡು ಹೋಗಿ ತಟ್ಟಿದಳು. ಕರಿದಿಮ್ಮಿಯ ಹೊರಗಿನ ತೊಗಟೆ ಮಾತ್ರ ಟೊಳ್ಳು, ಒಳಗಿನ ಮರ ಕಬ್ಬಿಣದ ಹಾಗಿದೆ. ಆ ಚೆಂದದ ಬಿಳಿದಿಮ್ಮಿಯ ಹೊಟ್ಟೆಯನ್ನೇ ಗೆದ್ದಲು ತಿಂದು ಖಾಲಿ ಮಾಡಿದೆ! ಒಬ್ಬೊಬ್ಬರು ಓಡಿದರೆ ತಡೆದೀತು. ಇಡೀ ಸಾಲು ಹತ್ತಿದರೆ?

"ಅಯ್ಯೋ, ನಾನೇ ತಪ್ಪು ತಿಳಿದಿದ್ದೆ," ಎಂದಳು ನಿಂಗಿ. "ನಾಳೆ ಸಾಲು ಹೊರಡುವ ಮೊದಲು ಹೇಳಲೇಬೇಕು."

ಶನಿವಾರ ಬಂತು. ಪ್ರಾರ್ಥನೆ ಮುಗಿಯಿತು, ಕವಾಯತು ಮುಗಿಯಿತು.

"ಹೂಂ, ಯಾರು ಮೊದಲು ಹೇಳ್ತೀರಿ?" ಎಂದರು ಕಡವೆ ಮೇಷ್ಟ್ರು.

"ನಾನು ಮೇಷ್ಟ್ರೇ, ನಾನು!" ವಾಣಿ ರೆಕ್ಕೆ ಬಡಿದು ಮುಂದೆ ಹಾರಿ ಬಂದಳು. ಎದೆ ಉಬ್ಬಿಸಿ ಗಂಟಲು ಸರಿಮಾಡಿಕೊಂಡಳು. "ನಾನು ಈ ವಾರ ಪೂರ್ತಿ, ಊಟ ತಿಂಡಿ ಬಿಟ್ಟು, ನಮ್ಮ ದಿಮ್ಮಿಗಳನ್ನ ತಟ್ಟಿ ತಟ್ಟಿ ನೋಡಿದೆ. ಗಟ್ಟಿ ಇದ್ದರೆ ಟಣ್! ಟೊಳ್ಳಾದರೆ ಬೊದ್! ಕರಿದಿಮ್ಮಿ ಕೆಟ್ಟಿದೆ, ಬಿಳಿದಿಮ್ಮಿ ಒಳ್ಳೆಯದು. ಇನ್ನು ಮೇಲೆ ಎಲ್ಲರೂ ಬಿಳಿದಿಮ್ಮಿ ಮೇಲೇ ಹೋಗಬೇಕು!"

ಆ ಟಣ್, ಆ ಬೊದ್, ಎಷ್ಟು ಚೆನ್ನಾಗಿ ಹೊರಡಿಸಿದಳು ಅಂತೀರಿ! ಮರಿಗಳು ಬಾಯಿ ಬಿಟ್ಟು ಕೇಳಿದರು. ಮೇಷ್ಟ್ರು ತಲೆದೂಗಿದರು. ಊಟ ತಿಂಡಿ ಬಿಟ್ಟಳಂತೆ! ಎಂಥ ಹಸಿ ಸುಳ್ಳು! ನಾಚಿಕೆ ಎನ್ನುವುದು ಒಂದು ಚೂರಾದರೂ ಬೇಡವೇ?

ಹಿಂದಿನ ಸಾಲಿನಲ್ಲಿ ನಿಂಗಿ ಎದ್ದು ನಿಂತಳು. ಎಲ್ಲರೂ ತಿರುಗಿ ನೋಡಿದರು. ಆದರೂ ಅವಳು ಸುರುಟಿಕೊಳ್ಳಲಿಲ್ಲ.

"ಮೇಷ್ಟ್ರೇ… ಅದು ನಾನು ಕಂಡುಹಿಡಿದಿದ್ದು. ಮತ್ತೆ… ಅದು ತಪ್ಪು."

ತರಗತಿ ಗೊಳ್ಳೆಂದು ನಕ್ಕಿತು.

"ನಿಂದೇ ಆದ್ರೆ ತಪ್ಪು ಅಂತ ಯಾಕಂತೀಯೆ?" ಎಂದಳು ವಾಣಿ. "ತಪ್ಪಾಗಿದ್ರೆ ನಂದು ಅಂತ ಯಾಕಂತೀಯೆ? ಎರಡರಲ್ಲಿ ಒಂದು ಹೇಳಮ್ಮ."

"ಇಲ್ಲ, ಬುಧವಾರ ಹಾಗೆ ಅಂದ್ಕೊಂಡಿದ್ದೆ, ಆಮೇಲೆ ಶುಕ್ರವಾರ…"

"ಸಾಕು ನಿಂಗಿ," ಎಂದರು ಮೇಷ್ಟ್ರು. "ಮೂರು ವಾರದಿಂದ ಬಾಯಿ ಬಿಟ್ಟಿಲ್ಲ ನೀನು. ಇವತ್ತು ಇನ್ನೊಬ್ಬರು ಚೆನ್ನಾಗಿ ಹೇಳಿದಾಗ ಹೊಟ್ಟೆ ಉರಿದುಕೊಳ್ತೀಯಾ? ಕೂತ್ಕೋ."

ಕೂತ್ಕೋ! ಕೇಳಿದಿರಾ ಮಕ್ಕಳೇ? ಒಂದು ವಾರ ಮಣ್ಣು ಮೆತ್ತಿಕೊಂಡು ತೆವಳಿದವಳಿಗೆ ಕೂತ್ಕೋ. ಕೊಂಬೆ ಮೇಲೆ ಕೂತು ಕಿವಿಗೊಟ್ಟವಳಿಗೆ ಚಪ್ಪಾಳೆ! ಆ ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಬಾರದಿತ್ತೇ? 'ಬಾರಮ್ಮ ವಾಣಿ, ಒಂದು ಸಲ ತಟ್ಟಿ ತೋರಿಸು' ಎಂದಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಿಂಗಿ ಕೂತಳು. ಉಂಡೆಯಾದಳು. ಚಿಪ್ಪಿನ ಒಳಗೆ ಅತ್ತಳು. ಯಾರಿಗೂ ಕಾಣಿಸಲಿಲ್ಲ.

ಉಳಿದವರ ಸರದಿ ಮುಗಿದು, ಜೋರು ಚಪ್ಪಾಳೆ ವಾಣಿಗೇ ಬಿದ್ದು, ಗಂಟೆ ಹೊಡೆಯಿತು. ವಾಣಿಯೇ ಲೀಡರ್. ಮರಿಗಳು ಸಾಲು ನಿಂತರು. ಎಲ್ಲಕ್ಕೂ ಮುಂದೆ ಮೊಲದ ಮರಿ ಸೋಮಿ, ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಎಲ್ಲಕ್ಕೂ ಹಿಂದೆ ಕರಡಿಮರಿ ಬೊಮ್ಮ, ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಭಾರ. "ಎಡ ಬಲ, ಎಡ ಬಲ, ನೇರ ಬಿಳಿದಿಮ್ಮಿಗೆ!" ಎಂದು ವಾಣಿ ಅವರ ತಲೆಯ ಮೇಲೆ ಹಾರುತ್ತಾ ಕೂಗುತ್ತಿದ್ದಳು. ಹಾರುವವಳಿಗೆ ಯಾವ ದಿಮ್ಮಿಯಾದರೇನು, ಹೇಳಿ?

ಹಿಂದಿನ ರಾತ್ರಿ ಮಳೆ ಬಂದು ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ನಿಂಗಿ ಮರದಡಿಯಿಂದ ನೋಡಿದಳು. ಸೋಮಿಯ ಪುಟ್ಟ ಕಿವಿಗಳು ದಿಮ್ಮಿಯ ಕಡೆಗೆ ಕುಣಿಯುತ್ತಾ ಹೋಗುತ್ತಿದ್ದವು. 'ನಕ್ಕವರು ತಾನೆ, ಹೋಗಲಿ' ಎನ್ನಬಹುದಿತ್ತು. ನಿಂಗಿಗೆ ಹಾಗನ್ನಿಸಲಿಲ್ಲ. ಓಡಿದರೆ ಮುಟ್ಟುವುದಿಲ್ಲ, ಚಿಪ್ಪುಹಂದಿಯ ಕಾಲು ಅಷ್ಟು ಚುರುಕಲ್ಲ. ಅವಳು ಮೈ ಸುರುಟಿಕೊಂಡು ಇಳಿಜಾರಿನಲ್ಲಿ ಉರುಳಿಬಿಟ್ಟಳು. ಕಲ್ಲಿಗೆ ಬಡಿಯಿತು, ಮುಳ್ಳಿಗೆ ಸಿಕ್ಕಿತು. ಗಡಗಡ ಉರುಳಿ, ಸಾಲನ್ನು ದಾಟಿ, ಬಿಳಿದಿಮ್ಮಿಯ ಬಾಯಿಗೆ ಸರಿಯಾಗಿ ಬಂದು ಅಡ್ಡ ಕೂತಳು.

"ಏಯ್ ಚೆಂಡು! ದಾರಿ ಬಿಡು!"

"ಬಿಡಲ್ಲ," ಎಂದಿತು ಉಂಡೆಯ ಒಳಗಿನ ದನಿ.

ಒಬ್ಬ ತಿವಿದ. ಇನ್ನೊಬ್ಬ ಒದ್ದು ತನ್ನ ಕಾಲನ್ನೇ ನೋಯಿಸಿಕೊಂಡ. ಬೊಮ್ಮ ಬಂದು ಎರಡೂ ಕೈಯಲ್ಲಿ ಎಳೆದ. ನಿಂಗಿ ದಿಮ್ಮಿಯ ತುದಿಗೆ ಉಗುರು ನೆಟ್ಟಿದ್ದಳು, ಅಲುಗಾಡಲಿಲ್ಲ.

"ಹೊಟ್ಟೆಕಿಚ್ಚಿಗೆ ಹೀಗೆ ಮಾಡ್ತಿದ್ದಾಳೆ!" ಎಂದು ವಾಣಿ ಚೀರಿದಳು. ದಿಮ್ಮಿಯ ನಡುವೆ ಹಾರಿ ಕೂತು ಕುಣಿದಳು. "ನೋಡಿ, ನಾನು ನಿಂತಿಲ್ವಾ? ಮುರೀತಾ? ಗಟ್ಟಿಯಾಗಿದೆ, ಬನ್ರೋ!"

ಗಲಾಟೆ ಕೇಳಿ ಮೇಷ್ಟ್ರು ಇಳಿದು ಬಂದರು. ಅವರ ಮುಖ ಕೆಂಪಾಗಿತ್ತು. "ನಿಂಗಿ! ಏಳು ಅಲ್ಲಿಂದ. ನಾನು ಹೇಳ್ತಿದ್ದೀನಿ."

"ಏಳಲ್ಲ ಮೇಷ್ಟ್ರೇ. ಬೈಯಿರಿ, ಹೊಡೀರಿ, ಶಾಲೆಯಿಂದಲೇ ಓಡಿಸಿ. ನಾನು ಏಳಲ್ಲ. ಅವಳು ಗುಬ್ಬಿಯಷ್ಟು ಭಾರ, ಅವಳು ಕುಣಿದ್ರೆ ಏನು ಗೊತ್ತಾಗುತ್ತೆ? ಮೊದಲು ಒಂದು ದೊಡ್ಡ ಕಲ್ಲು ಉರುಳಿಸಿ ನೋಡಿ. ಮುರಿಯದಿದ್ರೆ ನಾನೇ ಎದ್ದು ಎಲ್ಲರ ಕ್ಷಮೆ ಕೇಳ್ತೀನಿ."

ನಿಂಗಿ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬೊಮ್ಮ ತಲೆ ಕೆರೆದುಕೊಂಡ. ಸಾಲಿನಲ್ಲಿ ಭಾರವಾದವನು ಅವನೇ ತಾನೆ? "ಮೇಷ್ಟ್ರೇ, ಒಂದು ಕಲ್ಲು ಉರುಳಿಸೋಕೆ ಏನು ಕಷ್ಟ? ನೋಡೇ ಬಿಡೋಣ," ಎಂದ.

ಮೇಷ್ಟ್ರು ಹೂಂ ಎಂದರು. ಬೊಮ್ಮ ದಡದ ಬಂಡೆಯೊಂದನ್ನು ತಬ್ಬಿ ಎತ್ತಿ ತಂದ. ವಾಣಿ ಅದನ್ನು ನೋಡಿದ್ದೇ ಪುರ್ರೆಂದು ಹಾರಿ ಕೊಂಬೆ ಸೇರಿದಳು. ಬೊಮ್ಮ ನಿಂಗಿಯ ತಲೆಯ ಮೇಲಿಂದ ಬಂಡೆಯನ್ನು ದಿಮ್ಮಿಯ ನಡುವಿಗೆ ಎಸೆದ.

ಲಟಕ್! ಬಿಳಿದಿಮ್ಮಿ ಹಪ್ಪಳದ ಹಾಗೆ ಎರಡು ತುಂಡಾಯಿತು. ಒಳಗಿಂದ ಗೆದ್ದಲಿನ ರಾಶಿ ಸುರಿಯಿತು. ತುಂಡುಗಳು ಕೆಂಪು ನೀರಿನಲ್ಲಿ ಒಂದು ಸುತ್ತು ತಿರುಗಿ ಕಣ್ಣಿಗೆ ಕಾಣದಾದವು. ದಡದ ತುದಿ ಕುಸಿದಾಗ ಬೊಮ್ಮ ನಿಂಗಿಯ ಬಾಲ ಹಿಡಿದು ಈಚೆ ಎಳೆದುಕೊಂಡ.

ಸೋಮಿ ತಲೆ ಎತ್ತಿ ಕೊಂಬೆಯ ಕಡೆ ನೋಡಿದಳು.

"ಎಲ್ಲರಿಗಿಂತ ಮುಂದೆ ನಾನಿದ್ದೆ ಕಣೆ ವಾಣಿ," ಎಂದಳು. "ನನಗೆ ಈಜು ಬರಲ್ಲ. ನಿಜ ಹೇಳು, ನೀನು ತಟ್ಟಿ ನೋಡಿದ್ಯಾ?"

ಎಲ್ಲರ ದನಿ ತೆಗೆಯುತ್ತಿದ್ದ ವಾಣಿಗೆ ಆಗ ತನ್ನ ದನಿಯೇ ಹೊರಡಲಿಲ್ಲ. "ಇಲ್ಲ," ಎಂದಳು ಕೊನೆಗೆ. "ಒಂದು ಸಲಾನೂ ತಟ್ಟಿಲ್ಲ. ನಿಂಗಿ ಹೇಳ್ಕೊಳ್ತಿದ್ದಿದ್ದು ಕೇಳಿಸ್ತು… ಅಷ್ಟೇ."

"ಅಷ್ಟೇ ಅಂತೆ!" ಎಂದು ಬೊಮ್ಮ ಗುರುಗುಟ್ಟಿದ. ಒಬ್ಬೊಬ್ಬರಾಗಿ ಎಲ್ಲ ಮರಿಗಳೂ ಅವಳಿಗೆ ಬೆನ್ನು ತಿರುಗಿಸಿದರು. ವಾಣಿ ರೆಕ್ಕೆಯೊಳಗೆ ಮುಖ ಹುದುಗಿಸಿಕೊಂಡಳು. ಅವಳ ಮೇಲೆ ಕನಿಕರ ತೋರಿಸಿ ಎಂದು ನನ್ನನ್ನು ಕೇಳಬೇಡಿ. ಇವತ್ತು ನನ್ನಿಂದ ಆಗುವುದಿಲ್ಲ.

ನಿಂಗಿ ಮೆಲ್ಲಗೆ ಮೈ ಬಿಚ್ಚಿದಳು. ಮೂಗಿನ ಮೇಲೆ ತರಚಿದ ಗಾಯ. "ಕರಿದಿಮ್ಮಿ ಗಟ್ಟಿಯಾಗಿದೆ. ಹೊರಗಿನ ತೊಗಟೆ ಮಾತ್ರ ಕೆಟ್ಟಿರೋದು," ಎಂದಳು. ಎಲ್ಲರ ಮುಂದೆಯೇ ಅದನ್ನು ಉದ್ದಕ್ಕೂ ತಟ್ಟಿ ತೋರಿಸಿದಳು. ಬೊಮ್ಮ ಅದರ ಮೇಲೂ ಒಂದು ಬಂಡೆ ಎತ್ತಿಹಾಕಿದ. ದಿಮ್ಮಿ ಮಿಸುಕಲಿಲ್ಲ. ಮರಿಗಳು ಒಬ್ಬೊಬ್ಬರಾಗಿ, ಅವಳ ಹಿಂದೆ, ಆಚೆ ದಡ ಸೇರಿದರು.

ಕೊನೆಗೆ ಮೇಷ್ಟ್ರು ದಾಟಿ ಬಂದರು. ತಲೆ ತಗ್ಗಿಸಿ ನಿಂಗಿಯ ಎದುರು ನಿಂತರು. ಕೊಂಬು ನೆಲ ಮುಟ್ಟುತ್ತಿತ್ತು.

"ಇಷ್ಟು ದೊಡ್ಡ ವಿಷಯ ಗೊತ್ತಿತ್ತಲ್ಲಮ್ಮ," ಎಂದರು. "ತರಗತಿಯಲ್ಲೇ ಬಿಡಿಸಿ ಹೇಳಬಾರದಿತ್ತಾ?"

ನಿಂಗಿ ಈ ಸಲ ಸುರುಟಿಕೊಳ್ಳಲಿಲ್ಲ. ಮೇಷ್ಟ್ರ ಕಣ್ಣನ್ನೇ ನೋಡಿದಳು.

"ಹೇಳ್ತಾ ಇದ್ದೆ ಮೇಷ್ಟ್ರೇ. ನೀವು ಕೂತ್ಕೋ ಅಂದ್ರಿ."



ನೀತಿ: ಇನ್ನೊಬ್ಬರ ಕಲಿಕೆಯನ್ನು ಕದ್ದು ತನ್ನದೆನ್ನುವವರು ಎಲ್ಲರನ್ನೂ ಅಪಾಯಕ್ಕೆ ತಳ್ಳುತ್ತಾರೆ, ವಿಚಾರಿಸದೆ ಅವರಿಗೆ ಚಪ್ಪಾಳೆ ತಟ್ಟಿ, ನಿಜ ಹೇಳುವವರನ್ನು ಸುಮ್ಮನಿರಿಸುವವರೂ ಆ ತಪ್ಪಿನಲ್ಲಿ ಸಮಪಾಲುದಾರರು.