ಕೊಡೆಯ ಮೇಲಿನ ಪುಡಿ

“ಗುರುಗಳೇ, ಮಠಕ್ಕೆ ಹೊಸದಾಗಿ ಬಂದವನು ಸರಿಯಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ಇಷ್ಟು ಜನ ಆಡುವ ಮಾತು ಸುಳ್ಳಾಗುತ್ತದೆಯೇ? ಅವನನ್ನು ಇವತ್ತೇ ಕಳಿಸಿಬಿಡಬಾರದೇ?” ಎಂದು ಹಿರಿಯ ಶಿಷ್ಯ ಚೆನ್ನಮಲ್ಲ ಕೇಳಿದ.

“ಕಳಿಸೋಣ, ಅವಸರವೇನಿದೆ? ಮೊದಲು ಒಂದು ಮರದ ಕತೆ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಒಂದೂರಿನ ನೇಕಾರರ ಓಣಿಯಲ್ಲಿ ಒಂದು ಹಳೆಯ ಹುಣಸೆಮರವಿತ್ತು. ಓಣಿಯವರು ಹಾಸಿನ ನೂಲನ್ನು, ಎಂದರೆ ಬಟ್ಟೆಯ ಉದ್ದನೆಯ ಎಳೆಗಳನ್ನು, ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದುದು ಅದರ ನೆರಳಿನಲ್ಲೇ. ಸುಡುಬಿಸಿಲಿನಲ್ಲಿ ಒಣಗಿದ ನೂಲು ಮಗ್ಗಕ್ಕೆ ಏರಿಸಿದ ಕೂಡಲೇ ಪಟಪಟನೆ ಹರಿಯುತ್ತದೆ. ಮರ ಹೋದರೆ ಅವರ ಕಸುಬೂ ಹೋದಂತೆಯೇ.

ಒಂದು ಮಳೆಗಾಲ ಆ ಮರಕ್ಕೆ ಅಣಬೆ ಹತ್ತಿತು. ಸಾರಿಗೆ ಹಾಕುವ ಮೆತ್ತನೆಯ ಅಣಬೆಯಲ್ಲ, ಗೋಡೆಗೆ ಹಲಗೆ ಬಡಿದಂತೆ ಕಾಂಡಕ್ಕೆ ಅಂಟಿಕೊಳ್ಳುವ ಗಟ್ಟಿ ಅಣಬೆ. ಅದರ ಬೆನ್ನ ಮೇಲೆಲ್ಲ ಕಂದು ಪುಡಿ. ಪಕ್ಕದಲ್ಲೇ ಒಬ್ಬ ವ್ಯಾಪಾರಿಯ ಮನೆ. ಅವನು ಅದನ್ನು ಕಂಡದ್ದೇ ತಡ, ಮರ ಒಳಗೊಳಗೇ ಕೊಳೆತಿದೆ, ಕಡಿಸಿ ಎಂದು ಊರೆಲ್ಲ ಒಂದು ಮಾಡಿದ. ಪಾಪ, ಅವನ ಭಯವೇನೂ ನಾಟಕವಲ್ಲ. ಬರಬರುತ್ತ ನೆಟ್ಟಗಿದ್ದ ಮರವೇ ಎಲ್ಲರ ಕಣ್ಣಿಗೂ ವಾಲಿದಂತೆ ಕಾಣತೊಡಗಿತು.

ಕೊನೆಗೆ ಅಣಬೆಗಳನ್ನು ಬಲ್ಲ ಒಬ್ಬ ಪಂಡಿತೆಯನ್ನು ಕರೆಸಿದರು. ಆಕೆ ಸಂಜೆ ಮಳೆಯಲ್ಲಿ ಬಂದಳು. ಒದ್ದೆ ಕೊಡೆಯನ್ನು ಮರದ ಬಳಿಯ ಜಗಲಿಯ ಮೇಲೆ ಒಣಗಲು ಬಿಚ್ಚಿಟ್ಟಳು. ಅಣಬೆಗಳು ಮೇಲ್ನೋಟಕ್ಕೆ ಒಂದೇ ತಾಯಿಯ ಮಕ್ಕಳಂತಿರುತ್ತವೆ, ಅವುಗಳ ಬೀಜಕಣ ಮಾತ್ರ ಸುಳ್ಳಾಡುವುದಿಲ್ಲ ಎಂಬುದು ಆಕೆಯ ನಂಬಿಕೆ. ಮರುದಿನ ಅಣಬೆಯ ಬೆನ್ನಿನಿಂದ ಚಿಟಿಕೆ ಪುಡಿ ತೆಗೆದು, ಗಾಜಿನ ಮೇಲೆ ಉದುರಿಸಿ, ಒಂದು ಹನಿ ನೀರು ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಂದು ಕಣ. ಎರಡು ಪದರದ ಸಿಪ್ಪೆ. ಒಂದು ತುದಿ ಕತ್ತರಿಸಿದಂತೆ ಮೊಂಡು. ಬದುಕಿರುವ ಮರದ ಬೇರು ಕೊಳೆಸಿ ಕೆಡಹುವ ಅಣಬೆಯ ಗುರುತು ಅದೇ.

“ಕಡಿಯಿರಿ,” ಎಂದಳು.

“ಇನ್ನೊಮ್ಮೆ ನೋಡ್ರಿ ಯವ್ವಾ,” ಎಂದು ಒಬ್ಬ ಮುದುಕ ನೇಕಾರ ಕೈಮುಗಿದ. “ಈ ಮರ ಹೋದ್ರ ನಾವು ಹಾಸು ಎಲ್ಲಿ ಕಟ್ಟೂಣು?”

“ಕನಿಕರಪಟ್ಟರೆ ಮರ ನಿಲ್ಲೋದಿಲ್ಲ ಅಜ್ಜ. ನಾಳೆ ನಿಮ್ಮ ಮೇಲೇ ಬಿದ್ದರೆ?” ಎಂದು ಆಕೆ ಮುಖ ತಿರುಗಿಸಿದಳು.

ಹೊರಡಲೆಂದು ಕೊಡೆ ಮಡಚಿದಳು. ಅಂಗೈಗೆ ಕಂದು ಪುಡಿ ಹತ್ತಿತು. ಆ ಪುಡಿಯನ್ನೂ ಗಾಜಿಗೆ ಹಾಕಿ ನೋಡಿದಳು. ಅವೇ ಕಣಗಳು! ನಾಯಿಕೊಡೆಯ ರೋಗ ಕಂಡುಹಿಡಿಯಲು ಬಂದವಳ ಕೊಡೆಗೇ ರೋಗ! ಆಕೆಗೆ ನಗು ಬಂತು. ಮರುಗಳಿಗೆಯಲ್ಲೇ ಆ ನಗು ನಿಂತಿತು. ಪುಡಿ ಗಾಳಿಯಲ್ಲಿ ಬಂದಿದೆ. ಅಣಬೆ ತನ್ನ ಬೀಜಕಣ ಉದುರಿಸುವುದು ಹೊಟ್ಟೆಯ ಕಡೆಯಿಂದ. ಬೆನ್ನ ಮೇಲೆ ಕೂತದ್ದು ಯಾರದೂ ಆಗಿರಬಹುದು. ಇದು ಆಕೆಗೆ ಗೊತ್ತಿಲ್ಲದ ಸಂಗತಿಯೇ? ಆದರೆ ಊರು ಬೆರಳು ತೋರಿಸಿದ ಕಡೆಗೇ ಆಕೆಯ ಕಣ್ಣೂ ಹೋಗಿತ್ತು.

ಅಷ್ಟರಲ್ಲಿ ಕೊಡಲಿ ಮೇಲೆದ್ದಿತ್ತು. ಊರಿನೆದುರು ಆಡಿದ ಮಾತನ್ನು ಊರಿನೆದುರೇ ನುಂಗಬೇಕು. ನುಂಗಿದಳು. “ನಿಲ್ಲಿಸಿ!” ಎಂದು ಕೂಗುತ್ತ ಓಡಿ ಹೋಗಿ ಮರಕ್ಕೆ ಅಡ್ಡ ನಿಂತಳು.

“ಕಡೀರಿ ಅಂದವರೂ ನೀವ, ಬ್ಯಾಡ ಅನ್ನಾವರೂ ನೀವ. ನಿಮ್ಮ ಮಾತಿಗೆ ಏನ್ ಬೆಲಿ ಐತ್ರಿ?” ಎಂದ ವ್ಯಾಪಾರಿ.

“ನನ್ನ ಮಾತಿನ ಬೆಲೆ ಹೋಗಲಿ, ಮರ ಇರಲಿ. ಬೆಳಗಿನವರೆಗೆ ಕಾಯಿರಿ,” ಎಂದಳು.

ಅಣಬೆಯ ಒಂದು ತುಂಡು ಕೊಯ್ದು, ಬೆನ್ನನ್ನು ತೊಳೆದು ಒರೆಸಿದಳು. ನೇಕಾರನಿಂದ ಕರಿ ಬಟ್ಟೆಯೊಂದನ್ನು ಕೇಳಿ ಪಡೆದು, ಅದರ ಮೇಲೆ ತುಂಡನ್ನು ಹೊಟ್ಟೆ ಕೆಳಗಾಗಿ ಇಟ್ಟು ಗಡಿಗೆ ಮುಚ್ಚಿದಳು. ಬೆಳಿಗ್ಗೆ ಗಡಿಗೆ ಎತ್ತಿದರೆ ಕರಿ ಬಟ್ಟೆಯ ಮೇಲೆ ಬೆಳ್ಳಗೆ ರಂಗೋಲಿ ಹಿಟ್ಟಿನಂಥ ಪುಡಿ! ಸೂಕ್ಷ್ಮದರ್ಶಕದಲ್ಲಿ ಬಣ್ಣವಿಲ್ಲದ, ನುಣುಪಾದ, ತೆಳು ಸಿಪ್ಪೆಯ ಕಣಗಳು. ಕಂದು ಕಣ ಹುಡುಕಿದರೂ ಇಲ್ಲ. ಇದು ಸತ್ತ ಕಟ್ಟಿಗೆಯನ್ನಷ್ಟೇ ತಿನ್ನುವ ಬಡಪಾಯಿ ಅಣಬೆ. ಎಂದೋ ಮುರಿದ ಕೊಂಬೆಯ ಮೋಟಿನಲ್ಲಿ ತನ್ನ ಪಾಡಿಗೆ ತಾನಿತ್ತು. ಆದರೂ ಆಕೆ ಬುಡದ ಸುತ್ತ ಮಣ್ಣು ಬಿಡಿಸಿ ಬೇರುಗಳನ್ನೆಲ್ಲ ಬಡಿದು ನೋಡಿದಳು. ಕಲ್ಲಿನಷ್ಟು ಗಟ್ಟಿ.

“ಮರ ಗೆದ್ದಿತು!” ಎಂದು ಕೂಗಿದಳು. ಓಣಿಗೆ ಓಣಿಯೇ ಕೇಕೆ ಹಾಕಿತು. ಮುದುಕ ನೇಕಾರ ಅಳುತ್ತಳುತ್ತಲೇ ನಕ್ಕ. ಅವತ್ತೇ ಈ ತುದಿಯಿಂದ ಆ ತುದಿಗೆ ಕೆಂಪು ನೂಲಿನ ಹಾಸು ಕಟ್ಟಿದರು. ಅಷ್ಟು ಉದ್ದದ ಹಾಸನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ಪಂಡಿತೆಯೂ ಸೆರಗು ಸಿಕ್ಕಿಸಿ ಗಂಜಿ ಹಚ್ಚಲು ನಿಂತಳು. ಗೆದ್ದ ಸಂತೋಷಕ್ಕೆ ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಗಾಳಿಯ ಜಾಡು ಹಿಡಿದು ಹೋದಳು. ಕಂದು ಪುಡಿ ಬಂದದ್ದು ವ್ಯಾಪಾರಿಯ ಹಿತ್ತಿಲಿನ ಕೊಳೆತ ತೆಂಗಿನ ಬೊಡ್ಡೆಗೆ ಹತ್ತಿದ್ದ ಅಣಬೆಯಿಂದ. ಊರ ಮರವನ್ನು ದಿನವೂ ಕತ್ತೆತ್ತಿ ನೋಡುತ್ತಿದ್ದವನು ಅಲ್ಲಿಗೆ ಒಮ್ಮೆಯೂ ಇಣುಕಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಚೆನ್ನಮಲ್ಲನ ಮುಖ ಅರಳಿತ್ತು. “ಮರ ಉಳಿಯಿತಲ್ಲ ಗುರುಗಳೇ, ಅಷ್ಟೇ ಸಾಕು!” ಎಂದ.

“ಉಳಿಯಿತು, ಈಗ ಹೇಳು, ಹೊಸಬನ ಮೇಲೆ ಕೂತ ಮಾತು ಮೊದಲು ಹಾರಿದ್ದು ಯಾರ ಬಾಯಿಂದ?”