ಎಂಜಿನ್ ಇಲ್ಲದ ಕಾರಿನ ಪೂಜೆ

ಯೋಚನೆ ಹತ್ತಿದರೆ ಆ ಅಂಚೆ ಗುಮಾಸ್ತೆ ಕೈಯಲ್ಲಿರುವ ಸ್ಪ್ಯಾನರನ್ನು ಸೆರಗಿಗೆ ಒರೆಸುತ್ತಲೇ ಇರುತ್ತಾಳೆ. ಆ ದಿನ ಸೆರಗೇ ಕಪ್ಪಾಗಿತ್ತು. ಅವಳು ತಾನೇ ರಿಪೇರಿ ಮಾಡುತ್ತಿದ್ದ ಅಪ್ಪನ ಕಾಲದ ಅಂಬಾಸಿಡರ್ ಮನೆ ಮುಂದೆ ನಿಂತಿತ್ತು. ಎಂಜಿನ್ ಮಾತ್ರ ಒಳಗೆ ಪಡಸಾಲೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅದು ಬೀದಿಯವರಿಗೆ ಗೊತ್ತಿರಲಿಲ್ಲ.

“ಈ ಗುಜರಿ ಬೀದಿಗೇ ಅವಮಾನ. ಸಂಜೆ ಕ್ರೇನ್ ತರಿಸಿ ಎತ್ತಿಸ್ತೀನಿ,” ಎಂದು ಬಡಾವಣೆ ಸಂಘದ ಅಧ್ಯಕ್ಷ ಚನ್ನವೀರಪ್ಪ ಗುಡುಗಿ ಹೋಗಿದ್ದರು.

ಅವಳು ಕೂತಳು, ಎದ್ದಳು, ಕಾರನ್ನು ಸುತ್ತಿದಳು. ಕೊನೆಗೆ ಓಡಿಹೋಗಿ ಹಾರ, ತೆಂಗಿನಕಾಯಿ, ನಿಂಬೆಹಣ್ಣು ತಂದಳು. ಬೀದಿಯವರನ್ನೆಲ್ಲ ಕರೆದಳು.

“ಅಧ್ಯಕ್ಷರೇ, ಗಾಡಿ ಪೂಜೆ ನಿಮ್ಮ ಕೈಯಿಂದಲೇ ಆಗಬೇಕು.”

ಜನರ ಎದುರು ಕಾಯಿ ಒಡೆಯುವುದೆಂದರೆ ಚನ್ನವೀರಪ್ಪನವರಿಗೆ ಪ್ರಾಣ. ಬಾನೆಟ್ಟಿಗೆ ಕುಂಕುಮ ಹಚ್ಚಿದರು, ಆರತಿ ಎತ್ತಿದರು, ಚಕ್ರಗಳ ಮುಂದೆ ನಿಂಬೆಹಣ್ಣನ್ನೂ ತಾವೇ ಇಟ್ಟರು. ಅಷ್ಟರಲ್ಲಿ ಕ್ರೇನ್ ಬಂತು.

“ಗುಜರಿ ಯಾವುದು ಸಾರ್?” ಎಂದ ಡ್ರೈವರ್.

ಬೀದಿಯೆಲ್ಲ ಅಧ್ಯಕ್ಷರ ಮುಖ ನೋಡಿತು. ಅವರು ಕೆಮ್ಮಿದರು.

“ನಾನು ಪೂಜೆ ಮಾಡಿದ ಗಾಡಿ ಕಣಯ್ಯ ಇದು! ಗುಜರಿಯಂತೆ, ಗುಜರಿ! ಹೋಗ್ ಹೋಗು!”

ಕ್ರೇನ್ ಹೋಯಿತು. ಅವಳು ಉಸಿರು ಬಿಟ್ಟು ಸ್ಪ್ಯಾನರ್ ಕೆಳಗಿಟ್ಟಳು. ಹೊರಟಿದ್ದ ಅಧ್ಯಕ್ಷರು ತಿರುಗಿ ಬಂದು ಮುಂದಿನ ಸೀಟಿನಲ್ಲಿ ಕೂತರು.

“ನಿಂಬೆಹಣ್ಣು ಹಾಗೇ ಇದೆಯಲ್ಲಮ್ಮ. ಅದರ ಮೇಲೆ ಗಾಡಿ ಹತ್ತದೆ ಪೂಜೆ ಮುಗಿಯುತ್ಯೆ?”

ಅವಳು ಮತ್ತೆ ಸ್ಪ್ಯಾನರ್ ಎತ್ತಿಕೊಂಡು ಸೆರಗಿಗೆ ಒರೆಸತೊಡಗಿದಳು.

“ಹ್ಞೂಂ, ಎಲ್ಲರೂ ಕಾಯ್ತಿದ್ದಾರೆ. ಸ್ಟಾರ್ಟ್ ಮಾಡಮ್ಮ.”