ಭೀಮಶಾ ತನ್ನವ್ವನ ಥಂಡಿ ಬಿಡಿಸಿದ್ದು

ಕೈ ಉಜ್ಜಿಕೊಳ್ಳುತ್ತಲೇ ಕೇಳ್ರಿ, ಇದು ಥಂಡಿಯ ಕತೆ. ಬೀದರಿನ ಹಳೇ ಊರಲ್ಲಿ ಝರೆಮ್ಮ ಅಂತ ಒಬ್ಬ ಮುದುಕಿ. ಅವಳಿಗೆ ಭೀಮಶಾ ಅಂತ ಒಬ್ಬನೇ ಮಗ. ಆಳು ನೋಡಿದರೆ ಗಟ್ಟಿಮುಟ್ಟು, ತಲೆ ಮಾತ್ರ ಖಾಲಿ ಗಡಿಗೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಆ ತಾಯಿಯ ಕರ್ಮ.

ಪುಷ್ಯ ಮಾಸ ಹಿಡಿಯಿತು. ಬಡಗಣ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ ಝರೆಮ್ಮನ ಎಲುಬಿಗೇ ಇಳಿಯಿತು. ಹೊದೆಯಲು ಹರಕು ಸೀರೆ, ಹಗಲೂ ರಾತ್ರಿ ಕೆಮ್ಮು. ಇದೊಂದು ತಿಂಗಳು ಬೆಚ್ಚಗೆ ದಾಟಿದರೆ ಸಾಕಪ್ಪಾ ದೇವರೇ, ಮತ್ತೇನೂ ಬೇಡ ಅನ್ನುತ್ತಿದ್ದಳು.

"ಭೀಮ್ಯಾ, ಬಾಜೂ ಮನಿಗಿ ಹೋಗಿ ನಾಕು ಕೆಂಡ ತಾರೋ, ಕೈ ಕಾಸ್ಕೋತೀನಿ."

ಹೋದ. ಹೆಗಲ ಮೇಲಿನ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಬಂದ. ಟವೆಲು ಸುಟ್ಟಿತು, ಕೆಂಡ ಬೀದಿಗೆ ಬಿತ್ತು, ಮನೆ ಮುಟ್ಟಿದ್ದು ಹೊಗೆ ಮಾತ್ರ.

"ಅಯ್ಯ ನಿನ್ನ! ಗಡಿಗ್ಯಾಗ ಹಾಕಿ, ಮ್ಯಾಲ ಬೂದಿ ಮುಚ್ಚಿ ತರ್ಬೇಕಲ್ಲೋ!"

"ಆತು ಬಿಡವ್ವಾ, ಇನ್ನ ಹಂಗೇ ಮಾಡ್ತೀನಿ."

ಕೆಮ್ಮು ಜೋರಾಯಿತು. ವೈದ್ಯರ ಮನೆಗೆ ಕಷಾಯಕ್ಕೆ ಕಳಿಸಿದಳು. ಗಡಿಗೆಯಲ್ಲಿ ಬಿಸಿ ಕಷಾಯ ಹಾಕಿಸಿಕೊಂಡ. ದಾರಿಯಲ್ಲಿ ಯಾರದೋ ಒಲೆಯಿಂದ ಎರಡು ಬೊಗಸೆ ಬೂದಿ ಕೇಳಿ ಇಸಿದುಕೊಂಡು ಮೇಲೆ ಮುಚ್ಚಿದ. ಅವ್ವ ಒಂದು ಗುಟುಕು ಕುಡಿದಳು. ಆಮೇಲಿನ ಕೆಮ್ಮನ್ನು ಓಣಿಯವರೆಲ್ಲ ಬಂದು ನೋಡಿ ಹೋದರು.

"ಹುಚ್ಚಪ್ಪಾ! ಅರಿವ್ಯಾಗ ಸುತ್ತಿ, ಎದಿಗಿ ಅವಚ್ಕೊಂಡು, ಬೆಚ್ಚಗ ತರ್ಬೇಕಲ್ಲೋ!"

"ಆತು ಬಿಡವ್ವಾ, ಇನ್ನ ಹಂಗೇ ಮಾಡ್ತೀನಿ."

ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಕೊಬ್ಬರಿ ಎಣ್ಣೆ ತಾ ಎಂದಳು. ಆ ಥಂಡಿಗೆ ಅಂಗಡಿಯ ಎಣ್ಣೆ ಕಲ್ಲಾಗಿ ಕೂತಿತ್ತು. ಅಂಗಡಿಯವ ಚಮಚದಿಂದ ಕೆತ್ತಿ ಒಂದು ಉಂಡೆ ಕೊಟ್ಟ. ಭೀಮಶಾ ಅದನ್ನು ಅರಿವೆಯಲ್ಲಿ ಸುತ್ತಿ, ಎದೆಗೆ ಅವಚಿ, ಕೂಸಿನ ಹಾಗೆ ತಟ್ಟುತ್ತಾ ಬಂದ. ಮನೆಗೆ ಬಂದಾಗ ಉಂಡೆ ಇಲ್ಲ, ಹೊಟ್ಟೆ ಮಾತ್ರ ಫಳಫಳ.

ಝರೆಮ್ಮ ಹಿಮ್ಮಡಿಯನ್ನು ಮಗನ ಹೊಟ್ಟೆಗೇ ತಿಕ್ಕಿಕೊಂಡಳು. ಇನ್ನೇನು ಮಾಡಿಯಾಳು?

"ಅಂಥಾದ್ದು ತರಾಗ ತಣ್ಣೀರಾಗ ಮುಳುಗಿಸ್ಕೋತ ಬರ್ಬೇಕೋ, ನನ್ನಪ್ಪಾ." ಬೈಗುಳದಲ್ಲಿ ಮೊದಲಿನ ಬಿರುಸಿರಲಿಲ್ಲ.

"ಆತು ಬಿಡವ್ವಾ!"

ಅಷ್ಟರಲ್ಲಿ ಪಕ್ಕದೂರಿನ ತಂಗಿಯಿಂದ ಸುದ್ದಿ ಬಂತು. ಅಕ್ಕನಿಗೆಂದು ಹಳೇ ಸೀರೆಗಳನ್ನೆಲ್ಲ ಕೂಡಿಸಿ ದಪ್ಪನೆಯ ಕೌದಿ ಹೊಲಿದಿದ್ದಾಳೆ, ಯಾರಾದರೂ ಬಂದು ಒಯ್ಯಲಿ ಅಂತ. ಝರೆಮ್ಮನಿಗೆ ಜೀವ ಬಂದಂತಾಯಿತು. ಆದರೆ ಯಾರಾದರೂ ಎಂದರೆ ಯಾರು? ಭೀಮಶಾನೇ. ನಸುಕಿನಲ್ಲಿ ಹೋದವನ ದಾರಿ ನೋಡುತ್ತಾ ಅವಳು ಹಗ್ಗದ ಹೊರಸಿನ ಮೇಲೆ ಮುದುಡಿ ಕೂತಳು.

ಹೊತ್ತೇರುವಾಗ ಬಂದ. ದಾರಿಯಲ್ಲಿ ಸಿಕ್ಕ ಬಾವಿ, ತೊಟ್ಟಿ ಒಂದನ್ನೂ ಬಿಟ್ಟಿರಲಿಲ್ಲ. ಕೌದಿಯಿಂದ ನೀರು ಸುರಿಯುತ್ತಿತ್ತು, ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಒಂದೀಟೂ ಕರಗಿಲ್ಲ ನೋಡವ್ವಾ!"

ಝರೆಮ್ಮ ಅತ್ತಳು. ಅತ್ತೂ ಅತ್ತೂ ಸಾಕಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭೀಮ್ಯಾ, ಒದ್ದಿ ಆಗಿದ್ದನ್ನ ಬಿಸಿಲಿಗಿ ಹಾಕ್ಬೇಕಪ್ಪ. ಆ ಮಗ್ಗಲ, ಈ ಮಗ್ಗಲ ತಿರುವಿ ಹಾಕ್ಬೇಕು. ಕಾಗಿ ಬಂದ್ರ ಓಡಿಸ್ಬೇಕು. ಬಿಸಿಲು ಎತ್ತ ಸರೀತದೋ ಅತ್ತ ಸರಸ್ಬೇಕು."

"ಆತು ಬಿಡವ್ವಾ, ಹಂಗೇ ಮಾಡ್ತೀನಿ."

ಕೌದಿಯನ್ನು ಮೂಲೆಗೆ ಒಗೆದ. ಅವ್ವನ ಕಡೆ ನೋಡಿದ. ಅವ್ವನ ಕೆನ್ನೆ ಒದ್ದೆ, ಸೆರಗು ಒದ್ದೆ! ಹೊರಸಿನ ಸಮೇತ ಎತ್ತಿದ.

"ಏ ಬಿಡೋ! ನಾನಲ್ಲೋ, ಕೌದಿ!"

"ನೀನೂ ಒದ್ದಿ ಆಗೀದಿ ಅವ್ವಾ!"

ಅಂಗಳದ ಬಿಸಿಲಿಗೆ ಹಾಕಿದ. ಆ ಮಗ್ಗುಲು ತಿರುವಿದ, ಈ ಮಗ್ಗುಲು ತಿರುವಿದ, ಕಾಗೆಗೆ ಹುಶ್ ಎಂದ. ಬಿಸಿಲು ಓಣಿಗೆ ಸರಿಯಿತು, ಹೊರಸೂ ಓಣಿಗೆ ಸರಿಯಿತು. ಓಣಿಯಿಂದ ಪೇಟೆಗೆ, ಪೇಟೆಯಿಂದ ಕೋಟೆ ಗೋಡೆಗೆ. ಜನ ಹೊಟ್ಟೆ ಹಿಡಿದು ನಕ್ಕರು. ಝರೆಮ್ಮ ಕೂಗುವಷ್ಟು ಕೂಗಿದಳು. ಅಷ್ಟರಲ್ಲಿ ಬೆನ್ನಿಗೆ ಬಿಸಿಲು ತಾಗಿತು. ಎಲುಬು ಸಡಿಲಾಯಿತು, ಕೆಮ್ಮು ನಿಂತಿತು. ಆ ತಿಂಗಳಲ್ಲಿ ಮೊದಲ ಸಲ ಬೆಚ್ಚಗೆ ನಿದ್ದೆ ಹೋದಳು.

ಎಚ್ಚರಾದಾಗ ಹೊರಸು ಓಲಾಡುತ್ತಿತ್ತು, ಊರು ಹಿಂದೆ ಬಿದ್ದಿತ್ತು. ಸೂರ್ಯ ಪಡುವಣಕ್ಕೆ ಜಾರುತ್ತಿದ್ದ. ಹೊರಸನ್ನು ತಲೆ ಮೇಲೆ ಹೊತ್ತು ಭೀಮಶಾ ಅವನ ಹಿಂದೆ ಓಡುತ್ತಿದ್ದ.

"ಎಲ್ಲಿಗೋ?"

"ಬಿಸಿಲು ಸರೀಲತ್ತದವ್ವಾ! ನೀ ಇನ್ನಾ ಪೂರಾ ಒಣಗಿಲ್ಲ!"

ಝರೆಮ್ಮ ಬೈಯಲು ಬಾಯಿ ತೆರೆದಳು. ಬೈದರೆ ಬುದ್ಧಿ ಹೇಳಬೇಕು. ಬುದ್ಧಿ ಹೇಳಿದರೆ ಇವನು ಹಾಗೇ ಮಾಡುತ್ತಾನೆ. ತೆರೆದ ಬಾಯಿ ಮುಚ್ಚಿಕೊಂಡು, ಉಳಿದಷ್ಟು ಬಿಸಿಲಿಗೆ ತಾನೇ ಇನ್ನೊಂದು ಮಗ್ಗುಲಾದಳು.